ದಾರಿ ಬಿಟ್ಟುಕೊಟ್ಟ ದೇವರು

ಒಬ್ಬ ಶ್ರೀಮಂತನಿದ್ದ. ಯಾವ ಊರು ಅಂತ ಕೇಳಬೇಡಿ. ನಿಮ್ಮ ಊರೇ ಅಂದುಕೊಳ್ಳಿ, ನನ್ನದೇನೂ ತಕರಾರಿಲ್ಲ. ರಸ್ತೆ ಮಾಡಿಸುವುದು ಅವನ ಕಸುಬು. ಗುಡ್ಡ ಅಡ್ಡ ಬಂದರೆ ಸೀಳುತ್ತಿದ್ದ, ಹೊಳೆ ಅಡ್ಡ ಬಂದರೆ ಸೇತುವೆ ಹಾಕುತ್ತಿದ್ದ. ಕೆಟ್ಟವನಲ್ಲ, ನೋಡಿ. ಕೆಟ್ಟವನ ಕತೆ ಹೇಳಿದರೆ ನೀವು ಅದು ಪಕ್ಕದ ಮನೆಯವನ ಕತೆ ಅಂದುಕೊಂಡು ಹಾಯಾಗಿ ಕೂತುಬಿಡುತ್ತೀರಿ. ಇವನು ಒಳ್ಳೆಯವನು. ತಾಯಿ ಅಂದರೆ ಪ್ರಾಣ.

ಆ ತಾಯಿಗೆ ಇದ್ದದ್ದು ಒಂದೇ ಆಸೆ. ಹಿಮಾಲಯದ ತುದಿಯಲ್ಲಿರುವ ಒಂದು ದೇವರ ಮುಖವನ್ನು ಕಣ್ಣಾರೆ ನೋಡಬೇಕು. ಮದುವೆಯಾಗಿ ಬಂದ ಹೊಸದರಲ್ಲಿ ಹೊತ್ತ ಹರಕೆ ಅದು. ಓಣಿಯ ಹೆಂಗಸರೆಲ್ಲ ಒಂದು ವರ್ಷ ಯಾತ್ರೆಗೆ ಹೊರಟಾಗ ಅವಳೂ ಬಟ್ಟೆಯ ಗಂಟು ಕಟ್ಟಿದಳು. ಮಗ ತಡೆದ. ಅಲ್ಲಿರುವುದು ಬರೀ ಕಾಲುಹಾದಿ, ಕುದುರೆಯ ಮೇಲೆ ಕೂತು ಸೊಂಟ ಮುರಿದುಕೊಳ್ಳುವುದು ಬೇಡ ಎಂದ. ಆ ದೇವರ ಬೆಟ್ಟಕ್ಕೆ ರಸ್ತೆ ಮಾಡುವ ಕೆಲಸ ಆ ವರ್ಷವೇ ಅವನ ಕೈಗೆ ಬಂದಿತ್ತು. ಮಳೆ ಸುರಿಯಲಿ, ಹಿಮ ಬೀಳಲಿ, ವರ್ಷವಿಡೀ ಗಾಡಿ ಓಡುವಂಥ ಹೆದ್ದಾರಿ.

"ಸ್ವಲ್ಪ ತಡಿಯಮ್ಮ, ರಸ್ತೆ ಮುಗೀಲಿ. ಕೂತ ಸೀಟಿಂದ ಏಳದ ಹಾಗೆ ದೇವರ ಬಾಗಿಲಿಗೇ ಇಳಿಸ್ತೀನಿ" ಎಂದ. ತಾಯಿ ಗಂಟು ಬಿಚ್ಚಿದಳು.

ಬೆಟ್ಟದ ಮೇಲೆ ರಸ್ತೆ ಮಾಡುವುದೆಂದರೆ ಹೋಳಿಗೆ ತಟ್ಟಿದ ಹಾಗೆಯೇ? ಗುಡ್ಡ ಜಾರಿತು, ಒಂದು ವರ್ಷ ಹೋಯಿತು. ಸೇತುವೆ ಕೊಚ್ಚಿಕೊಂಡು ಹೋಯಿತು, ಇನ್ನೊಂದು ವರ್ಷ ಹೋಯಿತು. ತಾಯಿ ಕೇಳಿದಾಗಲೆಲ್ಲ ಅದೇ ಉತ್ತರ, ರಸ್ತೆ ಮುಗೀಲಿ. ಮತ್ತೆ ಕೇಳಿದರೆ ಮತ್ತೆ ಅದೇ, ರಸ್ತೆ ಮುಗೀಲಿ. ರಸ್ತೆ ಮುಗಿಯುವುದಕ್ಕೆ ಮೊದಲು ತಾಯಿಯ ಕಣ್ಣು ಮುಗಿಯತೊಡಗಿತು. ಮೊದಲು ಸೂಜಿಗೆ ದಾರ ಹೋಗಲಿಲ್ಲ. ಆಮೇಲೆ ಅಕ್ಕಿಯಲ್ಲಿ ಕಲ್ಲು ಕಾಣಲಿಲ್ಲ. ನರ ಸೊರಗಿದೆ, ಹೋದ ದೃಷ್ಟಿ ಮರಳಿ ಬರುವುದಿಲ್ಲ, ಉಳಿದದ್ದೂ ಬಹಳ ಕಾಲ ನಿಲ್ಲುವುದಿಲ್ಲ ಎಂದರು ಡಾಕ್ಟರು. ಆಗ ಇವನಿಗೆ ಗಾಬರಿ ಹತ್ತಿತು.

ಕೊನೆಗೂ ರಸ್ತೆ ಮುಗಿಯಿತು. ಅಷ್ಟರಲ್ಲಿ ದೀಪಾವಳಿ ಬಂದು ಹೋಗಿತ್ತು. ದೀಪಾವಳಿ ಕಳೆದು ಕೆಲವೇ ದಿನಕ್ಕೆ ಆ ಗುಡಿಯ ಬಾಗಿಲು ಹಾಕುತ್ತಾರೆ ಎಂದು ಯಾರೋ ಎಚ್ಚರಿಸಿದರು. ಇವನು ನಕ್ಕುಬಿಟ್ಟ. ಹಿಮ ಬಿದ್ದು ದಾರಿ ಕಟ್ಟುತ್ತಿತ್ತು, ಅದಕ್ಕೇ ಬಾಗಿಲು ಹಾಕುತ್ತಿದ್ದರು; ಇನ್ನು ದಾರಿ ಕಟ್ಟುವುದೇ ಇಲ್ಲ, ಬಾಗಿಲು ಯಾಕೆ ಹಾಕುತ್ತಾರೆ ಎಂದ. ಮಾತು ನ್ಯಾಯವಾಗಿಯೇ ಇದೆ, ಅಲ್ಲವೇ? ಆದರೆ ದೇವರನ್ನು ಕೇಳಿದವರು ಯಾರು?

ತಾಯಿಯನ್ನು ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು ತಾನೇ ಕಾರು ನಡೆಸಿಕೊಂಡು ಹೊರಟ. ತನ್ನದೇ ರಸ್ತೆ, ತನ್ನದೇ ಕಾರು, ತನ್ನದೇ ತಾಯಿ. ಇಷ್ಟಾದ ಮೇಲೆ ದೇವರೂ ತನ್ನವನೇ ಅಂತ ಅನ್ನಿಸುವುದು ಸಹಜ. ಅರ್ಧ ಬೆಟ್ಟ ಏರಿದ ಮೇಲೆ ಒಂದು ತಿರುವಿನಲ್ಲಿ ಡೋಲು ಕೇಳಿಸಿತು, ಕಹಳೆ ಕೇಳಿಸಿತು. ರಸ್ತೆಯ ತುಂಬ ಜನ. ನಡುವೆ ಹೂ ಹೊದಿಸಿದ ಒಂದು ಪಲ್ಲಕ್ಕಿಯನ್ನು ಹೆಗಲ ಮೇಲೆ ಹೊತ್ತು ಕೆಳಗಿಳಿಯುತ್ತಿದ್ದರು. ಬೆಟ್ಟದ ಕಡೆ ಮದುವೆಯ ಹೆಣ್ಣನ್ನು ಪಲ್ಲಕ್ಕಿಯಲ್ಲಿ ಕಳಿಸುವುದನ್ನು ಇವನು ನೋಡಿದ್ದ. ಇದೂ ಮದುವೆಯ ದಿಬ್ಬಣವೇ ಎಂದುಕೊಂಡ.

"ಏನೋ ಹೊತ್ಕೊಂಡು ಬರ್ತಿದಾರೆ ಕಣಪ್ಪ. ಒಂದು ಗಳಿಗೆ ನಿಲ್ಸು, ಇಳಿದು ನಿಂತ್ಕೊಳ್ತೀನಿ" ಎಂದಳು ತಾಯಿ.

ಕಂಡವರ ಮದುವೆಗೆಲ್ಲ ನಿಂತರೆ ದರ್ಶನದ ಹೊತ್ತು ಮೀರುತ್ತದೆ ಎಂದು ಮಗ ಹಾರನ್ ಒತ್ತಿದ. ಒತ್ತಿದ ಕೈ ತೆಗೆಯಲಿಲ್ಲ. ಹೊತ್ತವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಮೆಲ್ಲಗೆ ಪಕ್ಕಕ್ಕೆ ಸರಿದು, ರಸ್ತೆಯಂಚಿನ ಜಲ್ಲಿಯ ಮೇಲೆ ಕಾಲೂರಿ ನಿಂತರು. ಒಬ್ಬ ಮುದುಕ ಏನೋ ಹೇಳಲು ಕೈಯೆತ್ತಿ ಕಾರಿನ ಹತ್ತಿರ ಬಂದ. ಚಳಿಗೆ ಗಾಜು ಏರಿಸಿತ್ತು. ಮದುವೆಯ ಸಿಹಿ ಕೊಡಲು ಬಂದಿರಬೇಕೆಂದು ಇವನು ಬೇಡವೆಂಬಂತೆ ಕೈ ಬೀಸಿ, ಧೂಳೆಬ್ಬಿಸಿಕೊಂಡು ಹೊರಟುಹೋದ. ತಾಯಿ ಗಾಜಿನ ಕಡೆ ತಿರುಗಿ ಕೈ ಮುಗಿದು ಕೂತಿದ್ದಳು.

ಮೇಲೆ ಗುಡಿಯ ಮುಂದೆ ಒಂದು ನರಪಿಳ್ಳೆಯೂ ಇರಲಿಲ್ಲ. ಬಾಗಿಲಿಗೆ ಬೀಗ, ಬೀಗಕ್ಕೆ ಅರಗಿನ ಮುದ್ರೆ. ಮೂಲೆಯಲ್ಲಿ ಬೆಂಕಿ ಕಾಯಿಸಿಕೊಳ್ಳುತ್ತಿದ್ದ ಕಾವಲುಗಾರ ಇವರನ್ನು ನೋಡಿ ಎದ್ದು ಬಂದ.

"ಸ್ವಾಮಿ ಬೆಳಗ್ಗೆನೇ ಇಳಿದು ಹೋದ್ರಲ್ಲ. ದಾರೀಲಿ ಸಿಗಲಿಲ್ವಾ?"

ನೋಡಿ, ಆ ಪ್ರಶ್ನೆಯಲ್ಲಿ ವ್ಯಂಗ್ಯವಿರಲಿಲ್ಲ. ಅವನು ನಿಜವಾಗಿಯೇ ಕೇಳಿದ್ದ. ಚಳಿಗಾಲ ಬಂದರೆ ಆ ದೇವರು ಬೆಟ್ಟದ ಮೇಲಿರುವುದಿಲ್ಲ. ಪಲ್ಲಕ್ಕಿಯಲ್ಲಿ ಕೂತು ಕೆಳಗಿನ ಊರಿಗೆ ಬಂದು, ಬೇಸಿಗೆಯವರೆಗೆ ಅಲ್ಲಿಯ ಪುಟ್ಟ ಗುಡಿಯಲ್ಲಿರುತ್ತಾನೆ. ಅಜ್ಜನ ಕಾಲದಿಂದಲೂ ಹೀಗೆಯೇ, ಮೇಲೆ ಹತ್ತಲಾಗದವರು ಅಲ್ಲಿಗೇ ಬಂದು ನೋಡುತ್ತಾರೆ, ಅಲ್ಲಿಗೆ ಬಸ್ಸು ಮೊದಲಿನಿಂದಲೂ ಇದೆ ಎಂದು ಹೇಳಿ ಅವನು ಊರಿನ ಹೆಸರನ್ನೂ ಹೇಳಿದ.

ಶ್ರೀಮಂತ ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟ. ಅದು ಯಾವ ಊರು ಗೊತ್ತೇ? ಅವನ ಕೆಲಸಗಾರರ ಬಿಡಾರವಿದ್ದ ಊರು. ಹಿಮ ಬಿದ್ದಾಗ ಅವನ ಯಂತ್ರಗಳೂ ಬೆಟ್ಟ ಇಳಿದು ಅಲ್ಲೇ ಬಂದು ನಿಲ್ಲುತ್ತಿದ್ದವು. ಪ್ರತಿ ಚಳಿಗಾಲವೂ ಅವನು ಅಲ್ಲಿಗೆ ಹೋಗಿದ್ದ, ಆ ಗುಡಿಯ ಗಂಟೆ ಕೇಳುತ್ತ ಚಹಾ ಕುಡಿದಿದ್ದ. ಯಾವುದೋ ಊರದೇವರು ಅಂದುಕೊಂಡಿದ್ದ, ಅಷ್ಟೇ. ತಾಯಿ ಸೂಜಿಗೆ ದಾರ ಪೋಣಿಸುತ್ತಿದ್ದ ಕಾಲದಲ್ಲಿ, ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದ ಕಾಲದಲ್ಲಿ, ಯಾವ ಚಳಿಗಾಲದಲ್ಲಿ ಕರೆತಂದಿದ್ದರೂ ಆಗುತ್ತಿತ್ತು. ಈ ರಸ್ತೆಯೇ ಬೇಕಿರಲಿಲ್ಲ.

ತಪ್ಪಾಯಿತಮ್ಮ ಎಂದು ಅತ್ತ. ತಾಯಿ ಅವನ ತಲೆ ಸವರಿದಳು.

"ನಾನು ಕೈ ಮುಗಿದೆನಲ್ಲಪ್ಪ. ನಾಲ್ಕು ಜನ ಹೊತ್ಕೊಂಡು ಬಂದ್ರೆ ಒಳಗೆ ಮದುವೆ ಹೆಣ್ಣಿರಲಿ, ಹೆಣ ಇರಲಿ, ದೇವರಿರಲಿ, ನಿಂತು ಕೈ ಮುಗೀಬೇಕು ಅಂತ ನಮ್ಮತ್ತೆ ಹೇಳೋರು."

ಇಬ್ಬರೂ ಕೆಳಗಿಳಿದರು. ಪಲ್ಲಕ್ಕಿ ದಾರಿಯಲ್ಲೆಲ್ಲೂ ಕಾಣಲಿಲ್ಲ. ಹೆದ್ದಾರಿ ಬಿಟ್ಟು ಹಳೆಯ ಕಾಲುಹಾದಿ ಹಿಡಿದಿತ್ತು. ಆ ಊರಲ್ಲಿ ಇವರು ಕಾದರು. ಒಂದು ತಿರುವಿನಲ್ಲಿ ಒಂದು ಗಳಿಗೆ ನಿಲ್ಲಲಾರದವನು ಮರುದಿನ ಸಂಜೆಯವರೆಗೂ ಕಾದ. ಡೋಲು ಕೇಳಿಸಿತು, ಪಲ್ಲಕ್ಕಿ ಬಂತು, ಗುಡಿಯ ಕಟ್ಟೆಯ ಮೇಲೆ ಇಳಿಯಿತು. ಮಗ ತಾಯಿಯ ಕೈ ಹಿಡಿದು ಎದುರಿಗೆ ನಿಲ್ಲಿಸಿದ.

"ಹೊಳೆಯೋದೇನೋ ಕಾಣ್ತದೆ, ಮುಖ ಕಾಣಲ್ಲ. ನೀನು ನೋಡಿ ಹೇಳಪ್ಪ" ಎಂದಳು.

ಅವನು ನೋಡಿದ. ಅಷ್ಟು ವರ್ಷ ದೇವರಿಗೆ ದಾರಿ ಮಾಡಿದವನು ಅವತ್ತೇ ಮೊದಲು ದೇವರ ಮುಖ ನೋಡಿದ್ದು. ಕಣ್ಣು ಅರ್ಧ ಮುಚ್ಚಿದೆ ಎಂದ. ತುಟಿಯಲ್ಲಿ ಸಣ್ಣ ನಗುವಿದೆ ಎಂದ. ಆಮೇಲೆ ಇನ್ನಷ್ಟು ಹತ್ತಿರ ಬಗ್ಗಿ ನೋಡಿದ.

"ಹಣೆ ಮೇಲೆ ಧೂಳು ಕೂತಿದೆಯಮ್ಮ."

ಯಾರು ಎಬ್ಬಿಸಿದ ಧೂಳು ಎಂದು ತಾಯಿ ಕೇಳಲಿಲ್ಲ. ಸೆರಗಿನ ತುದಿಯನ್ನು ಅವನ ಕೈಗಿತ್ತು, ಒರೆಸಬಹುದೋ ಪೂಜಾರಿಗಳನ್ನು ಕೇಳು ಎಂದಳು.

ಕತೆ ಮುಗಿಯಿತು. ಇನ್ನು ನಿಮ್ಮ ಸರದಿ.

ರಸ್ತೆ ಕೆಟ್ಟದ್ದು ಅಂತ ನಾನು ಹೇಳಿದೆನೇ? ಇಲ್ಲ. ಅದೇ ರಸ್ತೆಯಲ್ಲಿ ಬಸುರಿಯರು ಹೊತ್ತಿಗೆ ಸರಿಯಾಗಿ ಆಸ್ಪತ್ರೆ ಸೇರುತ್ತಾರೆ, ಒಳ್ಳೆಯದೇ ಆಯಿತು. ನಾನು ಕೇಳುವುದು ಬೇರೆ. ನಿಮ್ಮ ಮನೆಯಲ್ಲಿ ಮುಗಿಯಬೇಕಾದ ರಸ್ತೆ ಯಾವುದು? ಮನೆಯ ಮಾಳಿಗೆ ಏಳಲಿ, ಆಮೇಲೆ ಅಕ್ಕನನ್ನು ಕರೆಯುತ್ತೇನೆ. ಪ್ರಮೋಷನ್ ಆಗಲಿ, ಆಮೇಲೆ ಅಪ್ಪನ ಜೊತೆ ಕೂತು ಮಾತಾಡುತ್ತೇನೆ. ಹೀಗೆ ಹೇಳಿದವರು ಇಲ್ಲಿ ಯಾರೂ ಇಲ್ಲವೇ? ಕೈ ಎತ್ತುವುದು ಬೇಡ, ನನಗೆ ಕಾಣುತ್ತಿದೆ. ಅವರು ಬೇಡಿದ್ದು ಬಾಗಿಲಿಗೆ ಇಳಿಸುವ ಕಾರನ್ನಲ್ಲ. ನಿಮ್ಮೂರಿಗೆ ಈಗಾಗಲೇ ಬರುವ ಬಸ್ಸು ಸಾಕು ಅವರಿಗೆ. ಇದೇ ವಾರ ಹತ್ತಿಸಿಕೊಂಡು ಹೋಗಿ.

ಇನ್ನೊಂದು ಮಾತು. ಈ ಸಂಜೆ ಇಲ್ಲಿಗೆ ಬರುವಾಗ ಹೊರಗೆ ಎಷ್ಟು ಹಾರನ್ ಒತ್ತಿದಿರಿ? ನಾನು ಒಳಗೆ ಕೂತು ಕೇಳುತ್ತಲೇ ಇದ್ದೆ. ಪ್ರವಚನಕ್ಕೆ ಹೊತ್ತಾಯಿತು ಎಂದು ಯಾರನ್ನು ಜಲ್ಲಿಯ ಮೇಲೆ ಇಳಿಸಿ ಬಂದಿರೋ ನಿಮಗೇ ಗೊತ್ತು. ನಾಳೆಯಿಂದ ಎದುರಿಗೆ ಯಾರಾದರೂ ಭಾರ ಹೊತ್ತು ನಡೆದು ಬಂದರೆ ಗಾಡಿ ನಿಲ್ಲಿಸಿ, ಗಾಜು ಇಳಿಸಿ, ಅವರು ದಾಟುವವರೆಗೆ ಕಾಯಿರಿ. ಒಳಗಿರುವುದು ಯಾರು ಅಂತ ಕೇಳಬೇಡಿ. ಈಗ ಎದ್ದು ಮನೆಗೆ ಹೋಗಿ. ಹೋಗುವಾಗ ನಿಧಾನವಾಗಿ ಹೋಗಿ.