ಜಾಲರಿಯಲ್ಲಿ ಅಮ್ಮ

ಆ ಸ್ಟೂಲ್ ಬೇಡ ಅಣ್ಣ, ಅದರ ಒಂದು ಕಾಲು ಸಡಿಲ... ಇಲ್ಲಿ ಕೂತ್ಕೋ. ಹೂಂ, ಏನು ಹೇಳ್ತಿದ್ದೆ? ಹೇಳಿದ್ನಲ್ಲ, ನಾನು ಊರಲ್ಲೇ ಇರ್ಲಿಲ್ಲ. ನನ್ನ ಶಿಲ್ಪಗಳ ಪ್ರದರ್ಶನ ಇತ್ತು. ಅಮ್ಮನ್ನ ಆಸ್ಪತ್ರೆಗೆ ಸೇರಿಸಿದ್ದೇ ಗೊತ್ತಾಗ್ಲಿಲ್ಲ. ಗೊತ್ತಾಗೋ ಹೊತ್ತಿಗೆ ಎಲ್ಲಾ ಮುಗಿದುಹೋಗಿತ್ತು.

ಅಳು ಬಂತಾ ಅಂತೀಯಾ? ಇಲ್ಲ. ಮೂರು ವಾರ ಆಯ್ತು, ಅಳು ಬರ್ತಿಲ್ಲ. ಊಟ ಮಾಡ್ತೀನಿ, ತಂತಿ ಬಗ್ಗಿಸ್ತೀನಿ, ಮಲಗ್ತೀನಿ. ಅಷ್ಟೇ.

ಯಾಕೆ ನಗ್ತೀಯಾ? ಓ, ಆ ತಂತಿ ಕೋಳಿನಾ! ಜರಡಿ ಕಾರ್ಖಾನೇಲಿ ಕೆಲಸಕ್ಕಿದ್ದಾಗ ಮಾಡಿದ್ದು, ಇಪ್ಪತ್ತೆರಡು ವರ್ಷದ ಹಿಂದೆ. ಕತ್ತರಿಸಿ ಉಳಿದ ಜಾಲರಿ ಚೂರೆಲ್ಲಾ ಚೀಲದಲ್ಲಿ ತುಂಬ್ಕೊಂಡು ಬರ್ತಿದ್ದೆ. 'ಇದು ಮೊಟ್ಟೆ ಯಾವಾಗ ಇಡುತ್ತೆ ಕಣೇ?' ಅಂದಿದ್ಳು ಅಮ್ಮ. ಆಮೇಲೆ ಕುದುರೆ... ಬ್ಯಾಂಕಿನವರು ತಗೊಂಡ್ರಲ್ಲ, ಅದು. ಆಮೇಲೆ ರೈಲ್ವೆ ಸ್ಟೇಷನ್ನಿನ ಹನ್ನೆರಡು ಜನ ಪ್ರಯಾಣಿಕರು. ಪೇಪರಲ್ಲೆಲ್ಲಾ ಫೋಟೊ ಬಂತು. ಅಮ್ಮ ಒಂದ್ಸಲನೂ ಹೋಗಿ ನೋಡ್ಲಿಲ್ಲ. ನಾನೂ ಕರೀಲಿಲ್ಲ ಬಿಡು. ಆರು ವರ್ಷ ಮಾತಿಲ್ಲ, ಕತೆಯಿಲ್ಲ. ಜಗಳ ಯಾವುದಕ್ಕೆ ಶುರುವಾಯ್ತು ಅನ್ನೋದೇ ಮರ್ತುಹೋಗಿದೆ...

ಅದು ಹೊಸದು. ಬಟ್ಟೆ ಸರಿಸಿ ನೋಡು, ಪರವಾಗಿಲ್ಲ. ಹೌದು, ಅಮ್ಮನೇ. ಹೋಲಿಕೆ ಬಂದಿದೆಯಾ? ಮೂಗು ತುಂಬಾ ಸತಾಯಿಸ್ತು. ಸಣ್ಣ ತೂತಿನ ಜಾಲರಿ, ಎರಡು ಪದರ ಹಾಕಿದೀನಿ. ಭುಜ ಇನ್ನೂ ಸ್ವಲ್ಪ ಇಳೀಬೇಕಿತ್ತೇನೋ...

ಏನಾಯ್ತು? ಯಾಕೆ ಹಾಗೆ ನಿಂತುಬಿಟ್ಟೆ? ಅದರ ತಲೆ ಯಾಕೆ ಮುಟ್ಟಿ ಮುಟ್ಟಿ ನೋಡ್ತಿದೀಯಾ?

ಓ.

ಗಿಡ್ಡ ಕೂದಲು.

ಆಸ್ಪತ್ರೇಲಿ ಕತ್ತರಿಸಿದ್ದು, ಅಲ್ವಾ... ಕೊನೇ ವಾರ. ಯಾರೂ ಫೋಟೊ ಕೂಡ ತೆಗ್ದಿರ್ಲಿಲ್ಲ.

ಹೂಂ. ಬಂದಿದ್ದೆ. ಮಂಗಳವಾರ ಮಧ್ಯಾಹ್ನ. ನೀನು ಔಷಧಿ ಚೀಟಿ ಹಿಡ್ಕೊಂಡು ಕೆಳಗೆ ಇಳಿಯೋವರೆಗೂ ಕಂಬದ ಹಿಂದೆ ನಿಂತಿದ್ದೆ. ಆಮೇಲೆ ಒಳಗೆ ಹೋದೆ. ದುಃಖ ಆಗ್ಲಿಲ್ಲ ಅಣ್ಣ, ಆಣೆ... ಕಿವಿಯಿಂದ ಗಲ್ಲಕ್ಕೆ ಎಷ್ಟಿಂಚು ಇರಬಹುದು ಅಂತ ನೋಡ್ತಾ ನಿಂತಿದ್ದೆ. ಅವಳು ಕಣ್ಣು ಬಿಟ್ಳು. ಮಂಜು ಮಂಜಾಗಿ ಕಾಣ್ತಿತ್ತೇನೋ, ನನ್ನ ಕೈ ಹಿಡ್ಕೊಂಡ್ಳು. 'ಯಾರು?' ಅಂದ್ಳು.

ನರ್ಸ್ ಅಂದೆ.

ಹೆಬ್ಬೆರಳಲ್ಲಿ, ತಂತಿ ಕುಯ್ದ ನನ್ನ ಬೆರಳು ಒಂದೊಂದಾಗಿ ಸವರಿದ್ಳು. ಆಮೇಲೆ, ಮೆಲ್ಲಗೆ... 'ಕೈಯೆಲ್ಲಾ ಗಾಯ ಮಾಡ್ಕೊಂಡಿದೀಯಲ್ಲೇ' ಅಂದ್ಳು.

ಅವಳು ಕೈ ಬಿಡ್ಲಿಲ್ಲ ಅಣ್ಣ. ನಾನೇ ಬಿಡಿಸ್ಕೊಂಡು ಬಂದೆ.