ಪಕ್ಕದ ಸೀಟಿನವನು

ಯಾಕೆ ಸಾರ್ ನಗ್ತೀರಾ? ಹೆಂಗಸು ಟೋ ಗಾಡಿ ಓಡಿಸೋದು ನೋಡಿಲ್ವಾ? ನಗಿ, ನಗಿ... ಮೋರಿಗೆ ಬಿದ್ದ ನಿಮ್ಮ ಕಾರಿಗೆ ಹುಕ್ಕು ಹಾಕಿ ಎತ್ತಿದ್ದು ಇದೇ ಕೈ. ನಿಮ್ಮ ಕೈ ಮುರಿದಿರಬೇಕು. ಹಾಗೇ ಎದೆಗೆ ಒತ್ತಿ ಹಿಡ್ಕೊಳ್ಳಿ. ಆಸ್ಪತ್ರೆ ತಾನೇ? ಹೋಗೋಣ, ಹೋಗೋಣ. ಮಟಮಟ ಮಧ್ಯಾಹ್ನ, ರಸ್ತೆ ಖಾಲಿ, ಅವಸರ ಏನಿದೆ?

ಅಯ್ಯೋ, ಬೆಲ್ಟ್ ಬಿಚ್ಚಬೇಡಿ! ಈ ಗಾಡೀಲಿ ಅದೊಂದು ನಿಯಮ. ಇನ್ನೂ ಒಂದಿದೆ. ಕೆಟ್ಟು ನಿಂತ ಕಾರಿನವರನ್ನ ಹತ್ತಿಸ್ಕೊಳ್ಳೋ ಮೊದಲು ಅವರ ಫೋಟೋ ತೆಗೆದು ಆಫೀಸಿಗೆ ಕಳಿಸ್ಬೇಕು. ಡ್ರೈವರ್‌ಗಳ ಮೇಲೆ ಕೈ ಮಾಡಿದವರ ಮುಖಗಳನ್ನೆಲ್ಲ ಅಲ್ಲಿ ಗೋಡೆಗೆ ಅಂಟಿಸಿದಾರೆ. ಮೇಜಿನ ಹತ್ರ ಕೂತವರು ತಾಳೆ ನೋಡಿ, ಫೋನಲ್ಲಿ "ಹತ್ತಿಸ್ಕೊಳ್ಳಿ" ಅಂದ್ಮೇಲೇ ಬಾಗಿಲು ತೆಗೀಬೇಕು. ಅಲ್ಲೀವರೆಗೆ ಮಳೆ ಬರ್ಲಿ, ಬೆಂಕಿ ಬೀಳ್ಲಿ, ಹೊರಗೇ! ...ಏನು? ನಿಮ್ಮ ಫೋಟೋನಾ? ನಾನು ತೆಗೀಲಿಲ್ಲ. ಬೇಕಾಗ್ಲಿಲ್ಲ. ನಿಮ್ಮ ಮುಖ ನನಗೆ ಬಾಯಿಪಾಠ.

ಈಗ್ಯಾಕೆ ನಗು ನಿಂತ್ಹೋಯ್ತು?

ಗಾಡಿ ಗುರುತು ಸಿಗ್ಲಿಲ್ವಾ? ಬಣ್ಣ ಬದಲಾಯಿಸಿದಾರೆ, ಅದಕ್ಕೆ. ಎಂಟು ತಿಂಗಳ ಹಿಂದೆ ಇದೇ ಸೀಟಲ್ಲಿ ಕೂತಿದ್ದೆ ನೀನು. ಹೂಂ, ನೀನು! ನಿನಗೆಂಥ ಮರ್ಯಾದೆ! ನನ್ನ ಗಂಡ ಓಡಿಸ್ತಾ ಇದ್ರು. ಪಾಪ, ಬಿಸಿಲಲ್ಲಿ ನಿಂತಿದ್ದ ಅಂತ ತಮ್ಮ ನೀರಿನ ಬಾಟ್ಲಿ ಕೊಟ್ರು. ಕುಡಿದೆ ನೀನು. ಕುಡಿದು, ಮುಚ್ಚಳ ಹಾಕಿ, ಕಾಲ ಹತ್ರ ಬಿದ್ದಿದ್ದ ಸ್ಪ್ಯಾನರ್ ತಗೊಂಡು ತಲೆಗೆ... ಹಾಡುಹಗಲು! ಅವರನ್ನ ರಸ್ತೆಗೆ ತಳ್ಳಿ ಗಾಡಿ ತಗೊಂಡು ಹೋದೆ. ಊರಾಚೆ ಬಿಟ್ಟು ಓಡಿದೆ. ಅವರ ಗಾಡೀನ ನಾನೇ ಕಲಿತು ಹಿಡಿದೆ. ಯಾಕೆ ಗೊತ್ತಾ? ಒಂದಲ್ಲ ಒಂದು ದಿನ ನಿನ್ನ ಕಾರೂ ಕೆಟ್ಟು ನಿಲ್ಲುತ್ತೆ ಅಂತ.

ಕಾಲ ಹತ್ರ ಏನು ಹುಡುಕ್ತೀಯಾ? ಸ್ಪ್ಯಾನರಾ? ಅದು ಹಿಂದೆ, ಪೆಟ್ಟಿಗೇಲಿ, ಬೀಗ ಹಾಕಿದೀನಿ. ಒಂಟಿ ಕೈಯಲ್ಲಿ ಏನ್ ಕಿಸೀತೀಯಾ, ಕೂತ್ಕೋ!

ನೋಯ್ತಿದ್ಯಾ? ನೋಯ್ಲಿ! ಹಳ್ಳ ಕಂಡ್ರೆ ಬೇಕಂತಲೇ ಇಳಿಸ್ತಿದೀನಿ. ನೀನು ತಲೆಗೆ ಕೊಟ್ಟ ಏಟಿಗೆ ಅವರಿಗೀಗ ಬಲಗೈ ಏಳಲ್ಲ. ಬೆಳಿಗ್ಗೆ ಶರ್ಟಿನ ಗುಂಡಿ ನಾನು ಹಾಕ್ಬೇಕು, ಅವರು ಮುಖ ಆ ಕಡೆ ತಿರುಗಿಸ್ಕೊಂಡು ನಿಂತಿರ್ತಾರೆ. ಇಪ್ಪತ್ತು ವರ್ಷ ಗಾಡಿ ಓಡಿಸಿದವರು! ಅದೂ ಹೋಗ್ಲಿ. ಜೊತೆ ಡ್ರೈವರ್‌ಗಳು ಏನಂತಾರೆ? "ಅಣ್ಣನದೇ ತಪ್ಪು, ಆಫೀಸಿಗೆ ಕೇಳ್ದೆ ಹತ್ತಿಸ್ಕೊಂಡ." ಮಾಲೀಕರು ಹೊಸಬರಿಗೆ ಕೆಲಸ ಹೇಳಿಕೊಡೋವಾಗ ಅವರ ಹೆಸರೇ ಎತ್ತೋದು, ಹೀಗೆ ಮಾಡ್ಬೇಡಿ ಅಂತ. ಹೌದು, ಕೇಳ್ಲಿಲ್ಲ ಅವರು. ಕರುಣೆ ಜಾಸ್ತಿ, ಕೇಳ್ದೇನೇ ಹತ್ತಿಸ್ಕೊಂಡ್ರು. ಪೊಲೀಸರ ಮುಂದೆ ಅವರೇ ಹೇಳಿದಾರೆ.

ಯಾಕೆ ಹಾಗೆ ನೋಡ್ತೀಯಾ?

ಹೇಳಿದಾರೆ ಅಂದ್ನಲ್ಲ! ತಲೆ ಅಲ್ಲಾಡಿಸ್ಬೇಡ. ನಿನಗೇನು ಗೊತ್ತು? ಫೋನ್ ಕಡೆ... ಫೋನ್ ಕಡೆ ಯಾಕೆ ನೋಡ್ತಿದೀಯಾ? ಅವತ್ತೂ ನನ್ನ ಗಂಡ ಅದನ್ನ ಅಲ್ಲೇ ಇಟ್ಟಿದ್ರಾ? ಸ್ಪೀಕರ್ ಹಾಕಿದ್ರಾ? ಕಿಟಕಿ ಹತ್ರಾನೇ ನಿಂತಿದ್ದೆ ಅಲ್ವಾ ನೀನು... ಕೇಳಿಸ್ಕೊಂಡಿದೀಯಾ ಹಾಗಾದ್ರೆ. ಅದಕ್ಕೇನಾ ಆಗ್ಲಿಂದ ನನ್ನ ಬಾಯನ್ನೇ ನೋಡ್ತಿರೋದು? ನನ್ನ ದನಿ ಗುರುತು ಹಿಡಿದೆ ನೀನು.

ಹೂಂ, ಪೊಲೀಸ್ ಸ್ಟೇಷನ್ ದಾಟಿದ್ವಿ. ನಾನೂ ನೋಡಿದೆ. ಸುತ್ತು ಹಾಕ್ಕೊಂಡು ಬಂದು ದಾಟ್ತಿರೋದು ಇದು ಎರಡನೇ ಸಲ. ನಿನ್ನನ್ನ ದರದರ ಎಳ್ಕೊಂಡು ಹೋಗಿ ಅಲ್ಲಿ ಎಸೀಬೇಕು ಅಂತ ಎಂಟು ತಿಂಗಳಿಂದ ಹಲ್ಲು ಕಚ್ಚಿ ಕಾದಿದೀನಿ. ಗೇಟು ಬಂದ್ರೆ ಕಾಲು ಬ್ರೇಕ್ ಮೇಲೆ ಹೋಗ್ತಿಲ್ಲ. ನೀನು ಬಾಯಿ ಬಿಟ್ರೆ...

ಅವತ್ತು ನಿನ್ನ ಫೋಟೋ ಬಂದಿತ್ತು ಕಣೋ. ಆಗ ಆಫೀಸಲ್ಲಿ ಮೇಜಿನ ಹತ್ರ ಕೂತಿದ್ದೋಳು ನಾನೇ. ಇನ್ನೊಂದು ಫೋನಲ್ಲಿ ಅಕ್ಕನ ಜೊತೆ ಹರಟೆ... ನಗು ಬೇರೆ! ನಿನ್ನ ಮುಖ ನನ್ನ ಬೆನ್ನ ಹಿಂದೇನೇ ಗೋಡೆ ಮೇಲಿತ್ತು, ತಿರುಗಿ ನೋಡ್ಲಿಲ್ಲ. "ಹತ್ತಿಸ್ಕೊಳ್ರೀ" ಅಂದ್ಬಿಟ್ಟೆ. ಆಮೇಲೆ ಫೋಟೋ ಅಳಿಸಿ ಹಾಕ್ದೆ. ಆಸ್ಪತ್ರೇಲಿ ಅವರು ಕಣ್ಣು ಬಿಟ್ಟಾಗ ಪೊಲೀಸರು ಕೇಳಿದ್ರು. ಅವರು ನನ್ನ ಮುಖ ನೋಡಿದ್ರು. ನೋಡಿ, "ನಾನು ಆಫೀಸಿಗೆ ಕೇಳ್ಲಿಲ್ಲ ಸಾರ್" ಅಂದ್ರು. ನಾನು ಸುಮ್ನಿದ್ದೆ. ಇವತ್ತಿನವರೆಗೂ ಸುಮ್ನೇ ಇದೀನಿ.

ಏನಾದ್ರೂ ಮಾತಾಡೋ! ಬೈಯೋ, ಉಗಿಯೋ... ಮುಖ ಕಿಟಕಿ ಕಡೆ ತಿರುಗಿಸ್ತೀಯಾ? ಆಯ್ತು.

ನಿಲ್ಸಿದೀನಿ ನೋಡು, ಸ್ಟೇಷನ್ ಗೇಟಿನ ಎದುರಿಗೇ. ನಿನ್ನನ್ನಂತೂ ಬಿಡಲ್ಲ. ಒಳಗೆ ಕೊಳೀಬೇಕು ನೀನು. ಹತ್ತಿಸ್ಕೊಳ್ಳಿ ಅಂದಿದ್ದು ಯಾರು ಅಂತ ಕೇಳ್ತಾರೆ. ತಡವರಿಸ್ಬೇಡ. ನೀನು ಬೆರಳು ಮಾಡಿ ನನ್ನನ್ನ ತೋರ್ಸೋಕೆ ನಾನು ನಿನ್ನ ಹಿಂದೇನೇ ಇರ್ತೀನಿ. ಇಳಿ.