ಸದ್ದಿಲ್ಲದೆ ಕಲಿಸಿದ ಹೆಜ್ಜೆ

ಅಲ್ಲ ಮಕ್ಕಳೇ, ಮೊದ್ಲು ನೆಲಕ್ಕೆ ಹಾಕಿದ್ದು ಕಂಬಳಿ, ಹಾಸಿಗೆ ಆಮೇಲೆ. ಕಂಬಳಿಗೆ ಕುಣಿತದ ಸದ್ದು ನಿಲ್ಲಲಿಲ್ಲ ನೋಡಿ, ಹಾಗಾಗಿ ನಿಮ್ಮಜ್ಜ ದೇರಾದ ಪೇಟೆಗೆ ಹೋಗಿ ಸ್ಪಂಜಿನ ಹಾಸಿಗೆ ತಂದದ್ದು, ಎರಡು, ಅಲ್ಲ ಮೂರು. ನಾವಾಗ ದುಬೈಯಲ್ಲಿ ಡಿಸ್ಕವರಿ ಗಾರ್ಡನ್ಸ್ ಅಂತ ಹೇಳುವಲ್ಲಿ ಇದ್ದದ್ದು, ಮೂರನೇ ಮಾಳಿಗೆ. ನಿಮ್ಮಮ್ಮ ಊರಲ್ಲಿ ಹಾಸ್ಟೆಲ್, ಅಜ್ಜ ಬೆಳಿಗ್ಗೆ ಆಫೀಸಿಗೆ ಹೋದ್ರೆ ಸಂಜೆಯೇ. ನಾನೊಬ್ಬಳೇ ಗೋಡೆ ನೋಡ್ಕೊಂಡು ಕೂತ್ಕೊಳ್ಳೋದು. ಎಷ್ಟು ದಿನ ಅಂತ ಕೂತ್ಕೊಳ್ಳೋದು ಹೇಳಿ? ಕಲಿತ ಭರತನಾಟ್ಯ ಉಂಟಲ್ಲ ಅಂತ ಶುಕ್ರವಾರ ರಜೆ ದಿನ ನಾಲ್ಕು ಮಕ್ಕಳಿಗೆ ಹೇಳಿಕೊಡ್ಲಿಕ್ಕೆ ಶುರು ಮಾಡಿದೆ. ನಾಲ್ಕು ಹೋಗಿ ಹದಿನಾಲ್ಕಾಯ್ತು ಮಾರಾಯ್ರೆ! ಬಾಗಿಲ ಹೊರಗೆ ಚಪ್ಪಲಿ ರಾಶಿ. ಅಪ್ಪಂದಿರು ಮೆಟ್ಟಿಲಲ್ಲಿ ಕೂತು ಊರ ಸುದ್ದಿ, ಅಮ್ಮಂದಿರು ನನ್ನ ಅಡಿಗೆಮನೆಯಲ್ಲಿ ಚಹಾ. ನಿಶಾ ಅಂತ ಒಬ್ಬಳು ಹುಡುಗಿ, ಅವಳಪ್ಪ ಅಬುಧಾಬಿಯ ಮುಸಫ್ಫಾದಲ್ಲಿ ವರ್ಕ್‌ಶಾಪಿನ ಫೋರ್‌ಮನ್, ವಾರಕ್ಕೊಮ್ಮೆ ಮನೆಗೆ ಬರುವವ. ಬಂದ ಮರುದಿನ ನಿದ್ದೆಗಣ್ಣಲ್ಲೇ ಮಗಳನ್ನು ಕರ್ಕೊಂಡು ಬರ್ತಿದ್ದ. ಅದೇ ನನಗೆ ಊರು, ಅದೇ ನೆಂಟರು. ಆ ಕ್ಲಾಸು ಇಲ್ಲದಿದ್ರೆ ನನಗಲ್ಲಿ ಎಂಥದೂ ಇರ್ಲಿಲ್ಲ.

ಹಾಂ, ಹಾಸಿಗೆ. ಕೆಳಗಿನ ಮನೆಯಲ್ಲಿ ಜುಬೇದಾ ಅಂತ, ಭಟ್ಕಳದವಳು, ಒಳ್ಳೆ ಹೆಂಗಸು, ಅವಳನ್ನು ನಾನು ದೂರೋದಿಲ್ಲ. ಒಂದು ಶುಕ್ರವಾರ ಮೇಲೆ ಬಂದ್ಲು. "ಅಕ್ಕಾ, ಬೇಜಾರು ಮಾಡ್ಬೇಡಿ, ನಮ್ಮ ಅತ್ತೆಗೆ ತಲೆ ಆಪರೇಷನ್ ಆಗಿದೆ. ಮೇಲೆ ಧಡ್ ಧಡ್ ಅಂದ್ರೆ ಕಿವಿ ಮುಚ್ಕೊಂಡು ಅಳ್ತಾರೆ." ಬೈದಿದ್ರೆ ನಾನೂ ಬೈತಿದ್ದೆ, ನನ್ನ ಬಾಯಿ ನಿಮಗೆ ಗೊತ್ತಲ್ಲ. ಅವಳು ಕಣ್ಣೀರು ಹಾಕಿದ್ಲು. ಬೇರೆ ಜಾಗ ಹುಡುಕಬೇಕಿತ್ತು, ಹುಡುಕಲಿಲ್ಲ. ಚಪ್ಪಲಿ ರಾಶಿ ಎಲ್ಲಿ ಚದುರಿ ಹೋಗ್ತದೋ ಅಂತ ಹೆದರಿಕೆ. ಹಾಸಿಗೆ ಹಾಸಿದೆ, ಗೆಜ್ಜೆ ಪೆಟ್ಟಿಗೆಗೆ ಹಾಕಿದೆ, ತಾಳ ಕುಟ್ಟುವ ಕೋಲನ್ನೂ ಬಿಟ್ಟು ತೊಡೆ ತಟ್ಟಿ "ತೈಯಾ ತೈ, ಮೆಲ್ಲ, ಮೆಲ್ಲ ಮಕ್ಕಳೇ" ಅಂತ ಐದು ವರ್ಷ. ಐದು ವರ್ಷ ಗೊತ್ತುಂಟಾ! ಏಯ್, ಆ ಫೋನ್ ಕೆಳಗಿಡು, ಅಜ್ಜಿ ಮಾತಾಡುವಾಗ.

ಮತ್ತೆ ನಮ್ಮ ಕನ್ನಡದವರ ರಾಜ್ಯೋತ್ಸವದಲ್ಲಿ ನಮ್ಮ ಮಕ್ಕಳಿಗೆ ಮೊದಲ ಸಲ ಅವಕಾಶ ಬಂತು, ದೊಡ್ಡ ಹಾಲ್, ಮರದ ಸ್ಟೇಜು. ಹಾಲ್ ಕೈಗೆ ಸಿಕ್ಕಿದ್ದೇ ಆ ದಿನ, ಅಲ್ಲಿ ಒಂದು ಸಲ ಕುಣಿಸಿ ನೋಡ್ಲಿಕ್ಕೂ ಪುರುಸೊತ್ತಿಲ್ಲ. ಮಕ್ಕಳಿಗೆ ಗೆಜ್ಜೆ ಕಟ್ಟಿದೆ, ಹೂ ಮುಡಿಸಿದೆ, ಎಷ್ಟು ಚಂದ ಕಾಣ್ತಿದ್ವು. ಪರದೆ ಸರೀತು, ಮೃದಂಗದ ಸಿಡಿ ಹಾಕಿದ್ರು. ಮಕ್ಕಳು ಕುಣಿದ್ರು. ಕೈ ಸರಿ, ಕಣ್ಣು ಸರಿ. ಗೆಜ್ಜೆ ಬರೀ ಕಿಣಿ ಕಿಣಿ, ಹೆಜ್ಜೆಯ ಸದ್ದೇ ಇಲ್ಲ! ಹದಿನಾಲ್ಕು ಮಕ್ಕಳು, ಇಪ್ಪತ್ತೆಂಟು ಕಾಲು, ಬೆಕ್ಕು ಅಡಿಗೆಮನೆಗೆ ಬಂದ ಹಾಗೆ. ನಾನು ಬದಿಯಲ್ಲಿ ನಿಂತು "ತಟ್ಟಿ! ತಟ್ಟಿ!" ಅಂತ ಒದ್ದಾಡ್ತಿದ್ದೇನೆ, ನಿಶಾ ನನ್ನ ಕಡೆ ನೋಡಿದ್ಲು, ಬೈತಿದ್ದೇನೆ ಅಂತ ತಿಳ್ಕೊಂಡು ಇನ್ನೂ ಮೆಲ್ಲ ಇಟ್ಲು. ಜನ ನಗ್ಲಿಲ್ಲ. ನಕ್ಕಿದ್ರೂ ಅಡ್ಡಿ ಇರ್ಲಿಲ್ಲ. ಕೆಳಗಿಳಿದ ಮೇಲೆ ಆ ಮಗು ಹೇಳಿದ್ದು, "ಬಟ್ ಟೀಚರ್, ಯೂ ಓನ್ಲಿ ಸೆಡ್ ಸಾಫ್ಟ್‌ಲಿ." ನಾನು ಕೂತು ಅವಳ ಗೆಜ್ಜೆ ಬಿಚ್ಚಿದೆ.

ಯಾರೂ ಜಗಳ ಆಡ್ಲಿಲ್ಲ. ಟೀಚರ್ ಪರೀಕ್ಷೆ ಉಂಟು, ಟೀಚರ್ ಗಾಡಿ ಸಮಸ್ಯೆ, ಅಂತ ಮೆಸೇಜು. ಶಾರ್ಜಾದಲ್ಲಿ ಒಂದು ಒಳ್ಳೆ ಕ್ಲಾಸ್ ಉಂಟಂತೆ, ಅಲ್ಲಿಗೆ ಸೇರಿಸಿದ್ರು. ತಪ್ಪಾ? ನಾನಾದ್ರೂ ಸೇರಿಸ್ತಿದ್ದೆ. ಕಡೆಗೆ ಉಳಿದದ್ದು ನಿಶಾ ಒಬ್ಬಳು. ಅವಳಪ್ಪನೂ ಒಂದು ಶುಕ್ರವಾರ ಬಂದು, "ಕಂಪೆನಿ ಮುಚ್ಚಿತು ಟೀಚರ್, ವೀಸಾ ಕ್ಯಾನ್ಸಲ್, ಖಲಾಸ್. ಮಂಗಳವಾರ ಊರಿಗೆ" ಅಂದ.

ನಾನು ಹಾಸಿಗೆ ಎಳೆದು ಬಿಸಾಡಿದೆ. ಜುಬೇದಾನ ಅತ್ತೆ ಕೆಳಗೇ ಇದ್ರು, ಇರ್ಲಿ, ಪಾಪ ಬಂದ್ರೆ ನನಗೇ ಬರ್ಲಿ ಅಂತ. "ನಿಶಾ, ಒಂದೇ ಸಲ, ಗಟ್ಟಿಯಾಗಿ ತಟ್ಟು ಮಗಾ" ಅಂದೆ. ಅವಳು ಕಾಲೆತ್ತಿದ್ಲು. ಇಟ್ಲು. ಸದ್ದಿಲ್ಲ. "ಇನ್ನೂ ಜೋರು!" ಮತ್ತೆ ಎತ್ತಿದ್ಲು, ನೆಲ ಹತ್ರ ಬರುವಾಗ ಕಾಲು ತನ್ನಷ್ಟಕ್ಕೆ ಮೆಲ್ಲಗಾಗ್ತದೆ. ಆಗ್ಲೇ ಇಲ್ಲ ಮಾರಾಯ್ರೆ. "ಐ ಕಾಂಟ್, ಟೀಚರ್" ಅಂತ ಅತ್ತುಬಿಟ್ಲು. ನಾನೂ ಅತ್ತೆ. ಅಷ್ಟು ಸರಿಯಾಗಿ ಕಲಿಸಿದ್ದೆ ನಾನು.

ಅದಕ್ಕೇ ಹೇಳುದು, ಮಕ್ಕಳಿಗೆ ಅರ್ಧ ಕಲಿಸುವುದಕ್ಕಿಂತ ನನ್ನಿಂದ ಆಗುದಿಲ್ಲ ಅಂತ ಕೈ ಮುಗಿಯುದೇ ಮರ್ಯಾದೆ. ಏಳಿ, ಕೈ ತೊಳೀರಿ, ಸಾರು ತಣೀತದೆ.